ಕಾಲಿನೊಳಗಿನ ಕಣ್ಣು

ಬಾಣಂತಿಯ ಎರಡೂ ಕಾಲಿಗೆ ಕರಿದಾರ ಕಟ್ಟುವುದು ತುರ್ವಿಹಾಳದ ಗದ್ದೆಮ್ಮನ ಮನೆಯ ಪದ್ಧತಿ. ಹೆರಿಗೆಯಾದ ಐದನೆಯ ದಿನ, ಐದೇಶಿಯಂದು, ದರ್ಗಾದ ಉಸ್ಮಾನ್‌ಸಾಬ್ ಊದಿ ಕೊಟ್ಟ ದಾರವನ್ನು ಮೀನಖಂಡದ ಮೇಲೆ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಾಗಿ ಕಟ್ಟಬೇಕು. ಬಾಣಂತನ ಮುಗಿಯುವವರೆಗೆ ಬಿಚ್ಚಬಾರದು. ಗಾಳಿ ಬಾಣಂತಿಯನ್ನು ಹಿಡಿಯುವುದು ಕಾಲಿನಿಂದಲೇ ಎಂಬುದು ಗದ್ದೆಮ್ಮನ ಲೆಕ್ಕ. ಆ ಲೆಕ್ಕಕ್ಕೆ ಎದುರು ಹೇಳುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಎದುರು ಹೇಳುವ ಹೆಂಗಸು ಹೊರಗಿನಿಂದ ಸೊಸೆಯಾಗಿ ಬಂದಿದ್ದಳು, ಅವಳೇ ಗಿರಿಯಮ್ಮ.

ಅಂದು ಮಟಮಟ ಮಧ್ಯಾಹ್ನ. ಕಾಲುವೆಗೆ ನೀರು ಬಿಟ್ಟಿದ್ದರಿಂದ ಓಣಿಯ ಜನವೆಲ್ಲ ಭತ್ತದ ನಾಟಿಗೆ ಹೋಗಿ ಊರು ಬಿಕೋ ಎನ್ನುತ್ತಿತ್ತು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದಿದ್ದರು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ, ಅದರ ಪಕ್ಕ ಒಂದು ಕುಡುಗೋಲು, ಒಂದು ಹಳೆಯ ಚಪ್ಪಲಿ. ಗಿರಿಯಮ್ಮ ಮೆತ್ತಗಿನ ರೊಟ್ಟಿ, ಮೆಣಸಿನ ಸಾರು ಹಿಡಿದು ಒಳಗೆ ಹೋದಾಗ ಮಗಳು ಅಂಬಿಕಾ ಗೋಡೆಗೆ ಆನಿಕೊಂಡು ತನ್ನ ಕಾಲ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಕೂಸೂ ಅದೇ ಕಡೆ ನೋಡುತ್ತಿತ್ತು.

“ಏನ್ ನೋಡಾಕತ್ತೀಯವ್ವಾ?”

“ಎಡಗಾಲು ಭಾರ ಆಗೈತಬೇ. ಯಾರೋ ಮ್ಯಾಲ ಕುಂತಂಗ.”

“ಮಲಕ್ಕೊಂಡು ಮಲಕ್ಕೊಂಡು ಜೋಮು ಹಿಡದೀತು.”

“ಜೋಮಲ್ಲ.” ಅಂಬಿಕಾ ದನಿ ತಗ್ಗಿಸಿದಳು. “ಮಧ್ಯಾಹ್ನ ಕಣ್ಣು ಹತ್ತಿದ ಕೂಡ್ಲೆ ಒಬ್ಬಾಕಿ ಬರ್ತಾಳ. ಕಾಲ್ದೆಸಿ ಕುಂದರ್ತಾಳ. ಎರಡೂ ಕೈಲೆ ಈ ಕಾಲು ಮುಚ್ಚಿ ಹಿಡಕೊಂಡಿರ್ತಾಳ. ಒಂದು ಮಾತಾಡೂದಿಲ್ಲ. ಗದ್ದೆಮ್ಮಾಯಿ ಎಣ್ಣಿ ಬಟ್ಲ ತಗೊಂಡು ಬಂದ್ಲಂದ್ರ ಇನ್ನೂ ಬಿಗಿ ಹಿಡೀತಾಳ.”

“ಎಂಥಾಕಿ?”

“ಹಸರು ಸೀರಿ. ತಲಿಗೆ ನನ್ನಂಗ ಬಟ್ಟಿ ಕಟ್ಯಾಳ.”

ಗಿರಿಯಮ್ಮ ಗಂಗಾಳವನ್ನು ನೆಲಕ್ಕಿಟ್ಟಳು. ತಲೆಗೆ ಬಟ್ಟೆ ಕಟ್ಟುವವಳು ಬಾಣಂತಿ. ಆ ಮನೆಯಲ್ಲಿ ಹಸಿರು ಸೀರೆಯ ಬಾಣಂತಿ ಒಬ್ಬಳೇ ಇದ್ದಳು, ಅದೂ ಅಂಬಿಕಾ ಹುಟ್ಟುವುದಕ್ಕೆ ಎಷ್ಟೋ ಮೊದಲು.

ಹುಲಿಗೆಮ್ಮ ಗದ್ದೆಮ್ಮನ ಒಬ್ಬಳೇ ಮಗಳು, ಗಿರಿಯಮ್ಮನ ನಾದಿನಿ. ಗಿರಿಯಮ್ಮ ಹೊಸ ಸೊಸೆಯಾಗಿದ್ದಾಗ ಅವಳು ಚೊಚ್ಚಲ ಬಾಣಂತನಕ್ಕೆ ಬಂದು ಇದೇ ಕೋಣೆಯಲ್ಲಿ, ಇದೇ ಹೊರಸಿನ ಮೇಲೆ ಮಲಗಿದ್ದಳು. ಇಂಥದೇ ಒಂದು ಮಧ್ಯಾಹ್ನ ಗದ್ದೆಮ್ಮ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದ ಗಿರಿಯಮ್ಮ ಚೀರಿದ ದನಿ ಕೇಳಿ ಓಡಿ ಬರುವಷ್ಟರಲ್ಲಿ ಹುಡುಗಿ ಎದೆ ಹಿಡಿದುಕೊಂಡು “ಉಸುರು, ಉಸುರು” ಎನ್ನುತ್ತಿದ್ದಳು. ಬಾಯಿಗೆ ನೀರು ಬಿಡುವಷ್ಟೂ ಪುರಸೊತ್ತು ಕೊಡದೆ ಹೋಗಿಬಿಟ್ಟಳು. ಕಾಲುವೆ ತಿರುವಿನ ಹುಣಸೆಮರದ ಗಾಳಿ ಹೊಡೆಯಿತೆಂದು ಊರು ತೀರ್ಮಾನ ಮಾಡಿತು. ಗಿರಿಯಮ್ಮನಿಗೆ ಮಾತ್ರ ಇನ್ನೊಂದು ನೆನಪು ಕನಸಿನಲ್ಲಿಯೂ ಬರುತ್ತಿತ್ತು. ಹುಲಿಗೆಮ್ಮನ ಕಣ್ಣು ಮುಚ್ಚಿರಲಿಲ್ಲ. ಎಷ್ಟು ಸಲ ರೆಪ್ಪೆ ಎಳೆದರೂ ಒಂದು ಕಣ್ಣು ಮತ್ತೆ ತೆರೆದುಕೊಳ್ಳುತ್ತಿತ್ತು. ಹಾಗೆಯೇ ಮಣ್ಣು ಮಾಡಿದ್ದರು.

ಗಿರಿಯಮ್ಮ ಅಡುಗೆಮನೆಗೆ ಬಂದಳು. ಗದ್ದೆಮ್ಮ ಬಾಣಂತಿಗೆಂದು ಅಳ್ವಿ ಕಾಳು ಹುರಿಯುತ್ತಿದ್ದಳು.

“ಅತ್ತೀ, ಅಂಬಿಕಾನ ಎಡಗಾಲು ಬಾತಂಗ ಕಾಣತೈತ್ರಿ. ಸಿಂಧನೂರಿಗೆ ಒಯ್ದು ತೋರ್ಸೋಣ್ರಿ.”

“ಹಸೀ ಬಾಣಂತೀನ ಈ ಬಿಸಲಾಗ ಹೊರಗ ಒಯ್ತೀಯಾ? ಕೆಟ್ಟ ನೀರು ಇಳದೈತಿ. ಇಳೀದ ಏನ್ ಮಾಡೀತು? ನೀ ಕದ್ದು ಕದ್ದು ತಂಬಿಗಿಗಟ್ಲೆ ನೀರು ಕುಡಿಸ್ತೀ. ನಂಗ ಕಣ್ಣಿಲ್ಲಂತ ತಿಳಕೊಂಡೀಯೇನು?”

“ಹೌದ್ರಿ, ಕುಡಿಸೀನಿ. ಹುಡುಗಿ ಬಾಯಿ ಒಣಗಿ ಅಳಾಕತ್ತಿತ್ತು. ಹೆರಿಗಿ ಆಪರೇಶನ್ ಮಾಡಿದ ಡಾಕ್ಟರು ನೀರು ಕುಡೀಲಿ, ಅಡ್ಡಾಡಲಿ ಅಂತ ಹೇಳಿ ಕಳಿಸ್ಯಾರ.”

“ಆ ಡಾಕ್ಟರು ಎಷ್ಟು ಹಡದಾನ ಕೇಳ್ಕೊಂಡು ಬಾ ಹೋಗು. ಈ ಊರಾಗ ನನ್ನ ಕೈ ಮುಟ್ಟದ ಬಾಣಂತಿ ಯಾರದಾರ? ನಾಳಿ ಪಾದದಿಂದ ತೊಡಿತನಾ ಬಿಗಿಯಾಗಿ ತಿಕ್ಕತೀನಿ. ಬಾವು ತಾನಾ ಇಳದು ಹೊಕ್ಕತಿ.”

ಸುಳ್ಳಲ್ಲ. ಗದ್ದೆಮ್ಮನ ಕೈಗುಣಕ್ಕೆ ತುರ್ವಿಹಾಳದಲ್ಲಿ ಹೆಸರಿತ್ತು. ಕೂಸಿಗೆ ನೀರೆರೆಯಲು, ಬಾಣಂತಿಯ ಮೈ ತಿಕ್ಕಲು ಆಚೆ ಕ್ಯಾಂಪಿನಲ್ಲಿ ನೆಲೆಸಿದ ತೆಲುಗು ರೈತರೂ ಅವಳನ್ನೇ ಕರೆಯುತ್ತಿದ್ದರು. ಅಂಥ ಕೈಯನ್ನು ಸೊಸೆಯೊಬ್ಬಳು ಹಿಡಿಯುವುದುಂಟೇ?

ಸಂಜೆ ಗಿರಿಯಮ್ಮನ ಗಂಡ ಪಂಪಾಪತಿ ಡ್ಯೂಟಿ ಮುಗಿಸಿ ಬಂದ. ಅವನು ಲಿಂಗಸುಗೂರು, ಮಸ್ಕಿ, ತುರ್ವಿಹಾಳ, ಸಿಂಧನೂರು ನಡುವೆ ಓಡುವ ಬಸ್ಸಿನ ಕಂಡಕ್ಟರ್. ಊಟಕ್ಕೆ ಕೂತ ಕೂಡಲೆ ಎರಡು ಕಡೆಯಿಂದಲೂ ಫಿರ್ಯಾದಿ ಬಂತು. ಅನ್ನಕ್ಕೆ ಪುಂಡಿಪಲ್ಯ ಕಲಸುತ್ತಾ ಅವನು ಹೇಳಿದ, “ಯವ್ವ ಹೇಳೂದೂ ಖರೆ. ನೀ ಹೇಳೂದೂ ಖರೆ.”

“ಬಸ್ಸಿನ್ಯಾಗ ಹತ್ತಿದವರಿಗೆಲ್ಲಾ ಟಿಕೀಟು ಹರದು ರೂಢಿ ನಿಮಗ,” ಗಿರಿಯಮ್ಮ ಸಿಟ್ಟಾದಳು. “ಮನ್ಯಾಗೂ ಎಲ್ಲಾರಿಗೂ ಒಂದೊಂದು ಹರದು ಕೈಯಾಗಿಡ್ರಿ.”

“ಲೇ ಪಂಪಾ,” ಎಂದಳು ಗದ್ದೆಮ್ಮ, “ಉಸ್ಮಾನ್‌ಸಾಬನ ಕಡೆ ಹೋಗಿ ಇನ್ನೊಂದು ದಾರ ಊದಿಸ್ಕೊಂಡು ಬಾ. ಇದು ಹಗರ ಆಗೈತಿ.”

ಹೋಗಿ ಬಂದ ಪಂಪಾಪತಿ ದಾರವನ್ನು ತಾಯಿಯ ಕೈಗೆ ಕೊಟ್ಟ. “ಸಾಬ್ರು ದಾರ ಕೊಟ್ಟಾರ. ದವಾಖಾನಿಗೂ ತೋರ್ಸ್ರಿ, ದಾರ ತನ್ನ ಕೆಲಸ ಮಾಡಲಿ, ದವಾ ತನ್ನ ಕೆಲಸ ಮಾಡಲಿ ಅಂದ್ರು.” ಗದ್ದೆಮ್ಮ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡಳು.

ಮರುದಿನ ಮಧ್ಯಾಹ್ನ ಅವಳು ಓಂಕಾಳು, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಂದಳು. ಹಿಂದೆಯೇ ಗಿರಿಯಮ್ಮ ಬಂದಳು. ಅಂಬಿಕಾ ಸೀರೆ ಸರಿಸಿದಾಗ ಇಬ್ಬರೂ ಬಾಗಿ ನೋಡಿದರು. ಬಲಗಾಲಿನ ದಾರ ಮೊದಲಿನಂತೆಯೇ ಸಡಿಲವಾಗಿತ್ತು. ಎಡಗಾಲಿನ ದಾರ ಕಾಣುತ್ತಲೇ ಇರಲಿಲ್ಲ. ಮಾಂಸದೊಳಗೆ ಹೂತು ಹೋಗಿ, ಸುತ್ತ ಚರ್ಮ ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು.

“ನೋಡು,” ಗದ್ದೆಮ್ಮ ಪಿಸುಗುಟ್ಟಿದಳು. “ಎಷ್ಟು ಬಿಗಿ ಹಿಡದೈತಿ ನೋಡು. ಬಿಡಿಸಲಿಲ್ಲಂದ್ರ ಈ ಗಾಳಿ ಹುಡುಗೀನ ಉಳಸೂದಿಲ್ಲ.”

ಕುಡುಗೋಲಿನ ತುದಿಯಿಂದ ದಾರ ಕತ್ತರಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡಳು. ಅಲ್ಲಿಯವರೆಗೆ ಸುಮ್ಮನಿದ್ದ ಕೂಸು ಒಮ್ಮೆಲೇ ಕಿಟಾರನೆ ಚೀರಿತು. ಅಂಬಿಕಾ ಹೊರಸಿನ ತುದಿಯನ್ನೇ ನೋಡುತ್ತ, “ಬಂದಾಳ. ಅಲ್ಲೇ ಕುಂತಾಳ,” ಎಂದಳು. ಗಿರಿಯಮ್ಮ ಅತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೆ ಅಂಥ ಕಾಲನ್ನು ಅವಳು ಹಿಂದೆ ನೋಡಿದ್ದಳು. ಇಷ್ಟೇ ಬಾತಿತ್ತು, ಇಷ್ಟೇ ಮಿಂಚಿತ್ತು. ಇದೇ ಕೈ ಅದರ ಮೇಲೆ ಆಡಿತ್ತು. ಮುಂದೆ ಬಾಗಿ ಅತ್ತೆಯ ಎರಡೂ ಮಣಿಕಟ್ಟು ಹಿಡಿದುಕೊಂಡಳು.

“ಕೈ ಬಿಡು ಗಿರೀ.”

“ಬಿಡೂದಿಲ್ರಿ.”

“ಅತ್ತಿ ಕೈ ಹಿಡೀತೀ?”

“ಹುಲಿಗೆಮ್ಮಂದೂ ಎಡಗಾಲೇ ಬಾತಿತ್ತು. ನಾ ನೋಡೀನ್ರಿ. ನೀವೂ ನೋಡೀರಿ.”

ಎಣ್ಣೆಯ ಬಟ್ಟಲು ಉರುಳಿ ಅಗ್ಗಿಷ್ಟಿಕೆಗೆ ಬಿತ್ತು. ಕೋಣೆ ತುಂಬ ದಟ್ಟ ಹೊಗೆ ಎದ್ದಿತು. ಆ ಹೊಗೆಯಲ್ಲಿಯೇ ಗಿರಿಯಮ್ಮ ಮಗಳ ತಲೆಗೆ ಶಾಲು ಸುತ್ತಿ, ಕೂಸನ್ನು ಕಂಕುಳಿಗೆ ಹಾಕಿಕೊಂಡು, ಓಣಿಯ ಆಟೋದವನನ್ನು ಕೂಗಿದಳು. ಗದ್ದೆಮ್ಮ ಬರುವುದಿಲ್ಲವೆಂದೇ ಅವಳು ತಿಳಿದಿದ್ದಳು. ಆದರೆ ಮುದುಕಿ ಕೈಚೀಲ ಹಿಡಿದು ತಾನೇ ಮೊದಲು ಹತ್ತಿ ಕೂತಳು. ಚೀಲದೊಳಗೆ ಕುಡುಗೋಲಿತ್ತು. ಬಾಣಂತಿ ಹೊರಗೆ ಹೊರಟರೆ ಕಬ್ಬಿಣ ಜೊತೆಗಿರಬೇಕಲ್ಲ. ಹುಣಸೆಮರ ದಾಟುವವರೆಗೆ ಅದರ ಹಿಡಿಯನ್ನು ಅವಳು ಬಿಡಲಿಲ್ಲ.

ಸಿಂಧನೂರಿನ ಸ್ಕ್ಯಾನಿಂಗ್ ಕೋಣೆಯೂ ಬಾಣಂತಿ ಕೋಣೆಯಷ್ಟೇ ಕತ್ತಲಾಗಿತ್ತು. ಅಗ್ಗಿಷ್ಟಿಕೆಯ ಬದಲು ತಣ್ಣನೆಯ ಏಸಿ, ಅಷ್ಟೇ ವ್ಯತ್ಯಾಸ. ಕುಡುಗೋಲನ್ನು ಬಾಗಿಲಲ್ಲಿದ್ದ ಹುಡುಗಿ ಇಸಿದುಕೊಂಡಿದ್ದಳು. ಡಾಕ್ಟರ್ ನಂದಿನಿ ಅಂಬಿಕಾಳ ಕಾಲಿಗೆ ತಣ್ಣನೆಯ ಜೆಲ್ ಹಚ್ಚಿದರು.

“ಹೆದರಬ್ಯಾಡ್ರಿ. ಸೂಜಿಯಿಲ್ಲ, ಕೊಯ್ಯೂದಿಲ್ಲ. ಮೇಲಿಂದ ಮೆಲ್ಲಗ ಒತ್ತಿ ನೋಡೂದಷ್ಟೇ.”

ಮೊದಲು ಬಲಗಾಲು. ಪರದೆಯ ಬೂದು ಬಣ್ಣದಲ್ಲಿ ಎರಡು ಕರಿ ದುಂಡುಗಳು ಮೂಡಿದವು. “ಇದು ರಕ್ತ ಕೆಳಗೆ ತರೋ ನಾಳ. ಇದು ಮೇಲಕ್ಕೆ ಒಯ್ಯೋದು. ಎರಡನೇದನ್ನ ನೋಡ್ರಿ,” ಎಂದು ಡಾಕ್ಟರ್ ಒತ್ತಿದರು. ಆ ದುಂಡು ರೆಪ್ಪೆ ಮುಚ್ಚಿದಂತೆ ಮುಚ್ಚಿತು. ಕೈ ಸಡಿಲಿಸಿದರು, ತೆರೆಯಿತು. “ಒತ್ತಿದ್ರ ಹಿಂಗ ಪೂರಾ ಮುಚ್ಚಬೇಕು.”

ಆಮೇಲೆ ಎಡಗಾಲು. ತೊಡೆಯ ಬುಡದಲ್ಲಿ ಒಂದು ದುಂಡು ಕಂಡಿತು. ಡಾಕ್ಟರ್ ಒತ್ತಿದರು. ಅದು ಮುಚ್ಚಲಿಲ್ಲ. ಮಂಡಿಯ ಹಿಂದೆ ಒತ್ತಿದರು. ಅಲ್ಲಿಯೂ ಕರ್ರಗೆ, ನೆಟ್ಟ ನೋಟದಲ್ಲಿ ಹಾಗೆಯೇ ತೆರೆದಿತ್ತು.

ಗಿರಿಯಮ್ಮ ತಿರುಗಿ ಅತ್ತೆಯನ್ನು ನೋಡಿದಳು. ಗದ್ದೆಮ್ಮನ ಬಾಯಿ ಅರ್ಧ ತೆರೆದಿತ್ತು. ಇಬ್ಬರೂ ಆ ಕಣ್ಣನ್ನು ಗುರುತು ಹಿಡಿದಿದ್ದರು.

“ಒಳಗೆ ರಕ್ತ ಹೆಪ್ಪುಗಟ್ಟೈತಿ,” ಎಂದರು ಡಾಕ್ಟರ್. “ಅದಕ್ಕೇ ಮುಚ್ಚವಲ್ದು. ಆಪರೇಶನ್ ಆದವರಿಗೆ, ಮಲಗೇ ಇರೋ ಬಾಣಂತಿಯರಿಗೆ ಇದು ಆಗತೈತಿ. ಇವತ್ತೇ ಅಡ್ಮಿಟ್ ಮಾಡ್ರಿ. ಕಾಲು ತಿಕ್ಕಿಲ್ಲ ಹೌದಲ್ರಿ?”

ಗದ್ದೆಮ್ಮ ಕೇಳಿದಳು, “ತಿಕ್ಕಿದ್ರ ಏನಕ್ಕೈತ್ರಿ?”

“ಹೆಪ್ಪಿನ ತುಣುಕು ಹರದು ಮೇಲಕ್ಕೆ ಹೋಗಬಹುದು. ಶ್ವಾಸಕೋಶಕ್ಕ ಹೋಗಿ ಕುಂತ್ರ ಉಸುರೇ ನಿಂತುಬಿಡತೈತಿ. ಉಳಿಸ್ಲಿಕ್ಕೆ ವೇಳೆ ಸಿಗೂದಿಲ್ಲ.”

ಗದ್ದೆಮ್ಮ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ತೆಗೆದುಕೊಂಡಳು.

ಅಂಬಿಕಾ ಕೆಲವು ದಿನ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಗೆ ಸೂಜಿ ಚುಚ್ಚಿದರು, ಆಮೇಲೆ ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟರು. ಗುರುಗುಂಟಾದಿಂದ ಗಂಡ ಲಕ್ಷ್ಮಣ ಬಂದು ಬಾಟಲಿಗಟ್ಟಲೆ ನೀರು ಕುಡಿಸಿ, ಕೈಹಿಡಿದು ವರಾಂಡದಲ್ಲಿ ನಡೆಸಿದ. ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಇಷ್ಟು: ಗುಳಿಗೆ ತಪ್ಪಿಸಬೇಡಿ, ದಿನಾ ಎರಡೂ ಮೀನಖಂಡದ ಸುತ್ತಳತೆ ನೋಡಿ, ಕರೆದಾಗ ಸ್ಕ್ಯಾನಿಗೆ ಬನ್ನಿ, ಎದೆ ನೋವೋ ದಮ್ಮೋ ಬಂದರೆ ಆ ಕ್ಷಣ ಓಡಿ ಬನ್ನಿ.

ಮನೆಗೆ ಬಂದ ಮೇಲೆ ಗಿರಿಯಮ್ಮ ಕಿಟಕಿಯ ಗೋಣಿಚೀಲ ಕಿತ್ತೆಸೆದಳು. ಅತ್ತೆ ಹಾರಾಡುತ್ತಾಳೆಂದು ಸೊಂಟ ಕಟ್ಟಿಕೊಂಡೇ ನಿಂತಿದ್ದಳು. ಗದ್ದೆಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂತಳು.

ಅಲ್ಲಿಂದ ಅವಳ ಕೈ ಯಾವ ಕೆಲಸಕ್ಕೂ ಬರಲಿಲ್ಲ. ರೊಟ್ಟಿ ಬಡಿಯಲಿಲ್ಲ, ಕೂಸನ್ನು ಎತ್ತಲಿಲ್ಲ. ಚಮಚದಲ್ಲಿ ಉಣ್ಣುವವರನ್ನು ಕಂಡರೆ ನಗುತ್ತಿದ್ದವಳು ಈಗ ತಾನೇ ಚಮಚದಲ್ಲಿ ಉಂಡಳು. ದಿನಕ್ಕೆ ಎಷ್ಟೋ ಸಲ ಹಿತ್ತಲಿಗೆ ಹೋಗಿ ಬೂದಿ ಹಚ್ಚಿ ಕೈ ತೊಳೆಯುತ್ತಿದ್ದಳು. ಚರ್ಮ ಬಿರಿದರೂ ಬಿಡಲಿಲ್ಲ. ಪಕ್ಕದ ಓಣಿಯ ಕನಕಮ್ಮ ಬಂದು, “ಮಗಳು ಹಡದಾಳ, ಬಂದು ಮೈ ತಿಕ್ಕಬೇ ಯವ್ವಾ,” ಎಂದು ಕರೆದಾಗ ಬಾಗಿಲ ಹಿಂದೆ ಸರಿದು ನಿಂತಳು. “ನನ್ನ ಕೈ ಬ್ಯಾಡ. ಮದ್ಲ ಕಾಲು ಬಾತಾವೇನು ನೋಡು, ಬಾತಿದ್ರ ದವಾಖಾನಿಗೆ ಒಯ್ಯಿ,” ಎಂದಳು.

ಸುತ್ತಳತೆ ನೋಡಲು ಮನೆಯಲ್ಲಿ ಟೇಪು ಇರಲಿಲ್ಲ. ಗದ್ದೆಮ್ಮ ಬಿಳಿದಾರದ ಉಂಡೆಯನ್ನು ಗಿರಿಯಮ್ಮನ ಮುಂದೆ ಕಾಲಿನಿಂದ ಸರಿಸಿದಳು. “ಮೀನಖಂಡದಾಗ ಮಚ್ಚಿ ಐತಲ್ಲ, ಅಲ್ಲೇ ದಿನಾ ಸುತ್ತು. ಎಲ್ಲಿ ಕೂಡತೈತಿ ಅಲ್ಲಿ ಗಂಟು ಹಾಕು. ಬಿಗೀಬ್ಯಾಡ.” ಗಿರಿಯಮ್ಮ ಅಳೆದು ಗಂಟು ಹಾಕಿದ ದಾರಗಳು ಒಂದರ ಪಕ್ಕ ಒಂದು ಮೊಳೆಗೆ ತೂಗಿದವು. ಮುದುಕಿ ದಿನವಿಡೀ ಅವನ್ನೇ ನೋಡುತ್ತಿದ್ದಳು. ಗಂಟು ಒಂದಿಷ್ಟು ಮೇಲೆ ಸರಿದು, ಬಾವು ಇಳಿದದ್ದು ಕಂಡ ದಿನ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದಳು.

ಎರಡನೆಯ ಸ್ಕ್ಯಾನಿಗೆ ಹೋದಾಗಲೂ ಕಣ್ಣು ಪೂರಾ ಮುಚ್ಚಲಿಲ್ಲ. ಅರ್ಧ ಮುಚ್ಚಿ, ಅಂಚಿನಲ್ಲಿ ಒಂದು ಕರಿ ಗೆರೆ ಉಳಿಸಿಕೊಂಡು ನೋಡಿತು. “ಸುಧಾರ್ಸಾಕತ್ತೈತಿ, ಇನ್ನೂ ಟೈಮ್ ಬೇಕು,” ಎಂದರು ಡಾಕ್ಟರ್.

ಅಂದು ಮನೆಗೆ ಬಂದ ಗಿರಿಯಮ್ಮನಿಗೆ ಮೈ ಕೈ ನೋವು. ಮುಸುರೆ ರಾಶಿ ಬಿದ್ದಿತ್ತು, ಕೂಸಿನ ಬಟ್ಟೆ ಒಗೆಯುವುದಿತ್ತು. ಕೂಸಿಗೆ ಎರೆಯಲು ಕೂತಾಗ ಸಾಬೂನಿನ ಕೈಯಿಂದ ಅದು ಜಾರಿತು, ಹೇಗೋ ತೋಳು ಹಿಡಿದುಕೊಂಡಳು. ಕಂಬದ ಹತ್ತಿರ ಕೂತಿದ್ದ ಗದ್ದೆಮ್ಮ ಅಲ್ಲಿಂದಲೇ, “ಕುತ್ತಿಗಿ ಹಿಡಿ, ಕುತ್ತಿಗಿ,” ಎಂದಳು.

ಗಿರಿಯಮ್ಮನ ಸಿಟ್ಟು ನೆತ್ತಿಗೇರಿತು. “ಬಂದು ಹಿಡೀರಲ್ಲ! ಮಾರಾಣಿ ಹಂಗ ಕುಂತು ಹುಕುಂ ಮಾಡ್ತೀರಿ. ಅಂದು ತಿಕ್ಕಬ್ಯಾಡ ಅಂದ್ರ ಕೇಳಲಿಲ್ಲ, ಇಂದು ಮುಟ್ರಿ ಅಂದ್ರ ಮುಟ್ಟವಲ್ರಿ. ಹುಲಿಗೆಮ್ಮನ್ನ ಹುಣಸಿಮರ ತಿಂದದ್ದಲ್ಲ ಅಂತ ಈಗ ತಿಳೀತೇನು?”

ಆಡಿದ ಮಾತು ಒಡೆದ ಮುತ್ತು. ಗಿರಿಯಮ್ಮ ಬಾಯಿಗೆ ಕೈ ಹಚ್ಚಿಕೊಂಡಳು. ಇಡೀ ಸಂಸಾರದಲ್ಲಿ ಅತ್ತೆಯ ಮೇಲೆ ಅವಳು ಗೆದ್ದ ಜಗಳ ಅದೊಂದೇ. ಅದನ್ನು ಸೋತಿದ್ದರೆ ಎಷ್ಟೋ ಚಲೋ ಇತ್ತು.

ಗದ್ದೆಮ್ಮ ಅಳಲಿಲ್ಲ. “ಅಂಬಿಕಾ,” ಎಂದು ಕೋಣೆಯ ಕಡೆ ಕರೆದಳು. “ಆಕಿ ಇನ್ನೂ ಬರ್ತಾಳೇನು?”

ಬಾಗಿಲಲ್ಲಿ ನಿಂತಿದ್ದ ಅಂಬಿಕಾ ತಾಯಿಯ ಮುಖ ನೋಡಿ, ಹೇಳಲೋ ಬೇಡವೋ ಎಂಬಂತೆ ತಡೆದಳು. “ಬರ್ತಾಳ ಆಯಿ. ಈಗ ನನ್ನ ಕಾಲು ಮುಟ್ಟೂದಿಲ್ಲ. ಹೊಸ್ತಿಲದಾಗ ಕುಂತು ನಿನ್ನ ಕೈ ನೋಡಿಕೋಂತ ಇರ್ತಾಳ.”

ಗದ್ದೆಮ್ಮ ಖಾಲಿ ಹೊಸ್ತಿಲ ಕಡೆ ನೋಡಿದಳು.

“ಗಿರೀ,” ಗದ್ದೆಮ್ಮ ಅಂದಳು. “ಆಕಿ ಕಾಲು ಹಿಡದಿದ್ದಿಲ್ಲ. ನನ್ನ ಕೈಗೆ ಅಡ್ಡ ಹಿಡದಿದ್ಲು. ತನ್ನ ಜೀವಂತೂ ಹೋತು, ಅಣ್ಣನ ಮಗಳ ಕಾಲು ಕಾಯಾಕ ಬಂದಾಳ ನನ್ನ ಮಗಳು. ಹೆತ್ತಾಕಿ ಕೈಯಿಂದ ಕಾಯಾಕ ಬಂದಾಳ.”

ಗಿರಿಯಮ್ಮ ಒದ್ದೆ ಕೂಸನ್ನು ಎದೆಗವಚಿಕೊಂಡು ಅತ್ತೆಯ ಪಕ್ಕ ಹೋಗಿ ಕೂತಳು. “ನಿಮಗ ಗೊತ್ತಿದ್ದಿಲ್ರಿ ಅತ್ತೀ,” ಎಂದಳು. “ಯಾರಿಗೂ ಗೊತ್ತಿದ್ದಿಲ್ಲ. ನಾನೂ ನೋಡಿ ಸುಮ್ನಿದ್ದೆ.” ಆ ಮಾತಿನಿಂದ ಮುದುಕಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಸಂಜೆಯವರೆಗೆ ಇಬ್ಬರೂ ಅಲ್ಲಿಯೇ ಕೂತಿದ್ದರು. ಪಂಪಾಪತಿ ಬಂದು ತಾನೇ ಅಕ್ಕಿ ತೊಳೆದು ಒಲೆಯ ಮೇಲಿಟ್ಟ. ಬಹುಶಃ ಜನ್ಮದಲ್ಲಿ ಮೊದಲ ಸಲ. ಅನ್ನ ತಳ ಹತ್ತಿತ್ತು. ಎಲ್ಲರೂ ಅದನ್ನೇ ಉಂಡರು.

ನಾಟಿ ಮಾಡಿದ ಭತ್ತ ತೆನೆ ಕಟ್ಟುವ ಹೊತ್ತಿಗೆ ಮೊಳೆಯ ಮೇಲಿನ ದಾರಗಳಲ್ಲಿ ಎಡದ ಗಂಟು, ಬಲದ ಗಂಟು ಹೆಚ್ಚುಕಮ್ಮಿ ಸಮ ಬಂದಿದ್ದವು. ಮತ್ತೆ ಸಿಂಧನೂರಿಗೆ ಹೊರಟರು. ಈ ಸಲ ಬಸ್ಸು ಪಂಪಾಪತಿಯದೇ. ಮಗಳಿಗೆ ಕಿಟಕಿಯ ಸೀಟು ಹಿಡಿದಿಟ್ಟಿದ್ದ. ಗದ್ದೆಮ್ಮ ಕುಡುಗೋಲು ತರಲಿಲ್ಲ.

ಕತ್ತಲ ಕೋಣೆಯಲ್ಲಿ ಡಾಕ್ಟರ್ ನಂದಿನಿ ಜೆಲ್ ಹಚ್ಚಿದರು. ತೊಡೆಯ ಬುಡದಲ್ಲಿ ಕರಿ ದುಂಡು ಮೂಡಿತು. ಗಿರಿಯಮ್ಮ ಮನಸ್ಸಿನಲ್ಲಿಯೇ ಎಲ್ಲ ದೇವರಿಗೂ ಕೈ ಮುಗಿದಳು. ಡಾಕ್ಟರ್ ಒತ್ತಿದರು. ಅದು ಮೆಲ್ಲಗೆ, ನಿದ್ದೆ ಬಂದವರ ಕಣ್ಣಿನಂತೆ, ಪೂರಾ ಮುಚ್ಚಿತು. ಮಂಡಿಯ ಹಿಂದೆಯೂ ಮುಚ್ಚಿತು.

“ಭಾಳ ಚಲೋ ಆತು,” ಎಂದರು ಡಾಕ್ಟರ್. “ಗುಳಿಗಿ ಮಾತ್ರ ನಾವು ಹೇಳೂತನಾ ಬಿಡಬ್ಯಾಡ್ರಿ.”

ಅಂಬಿಕಾ ಗೋಳೋ ಎಂದು ಅತ್ತಳು. ಗಿರಿಯಮ್ಮನೂ ಅತ್ತಳು.

“ಇನ್ನೊಮ್ಮಿ ಒತ್ರಿ ಯವ್ವಾ,” ಎಂದಳು ಗದ್ದೆಮ್ಮ.

ಡಾಕ್ಟರ್ ಒತ್ತಿದರು. ಮುಚ್ಚಿತು.

“ಹಂಗ ಹಿಡೀರಿ. ಬಿಡಬ್ಯಾಡ್ರಿ.”

ಗದ್ದೆಮ್ಮ ಎದ್ದು ಬಂದಳು. ಎಷ್ಟೋ ದಿನದಿಂದ ಸೆರಗಿನಲ್ಲಿದ್ದ ಬಲಗೈ ಹೊರಗೆ ಬಂತು. ಬೂದಿ ತಿಕ್ಕಿ ತಿಕ್ಕಿ ಬಿರಿದ ಎರಡು ಬೆರಳನ್ನು ಪರದೆಯ ಮೇಲೆ, ಆ ದುಂಡು ಮುಚ್ಚಿದ ಜಾಗದಲ್ಲಿ ಇಟ್ಟು, ರೆಪ್ಪೆ ಎಳೆಯುವಂತೆ ಮೇಲಿನಿಂದ ಕೆಳಗೆ ಒಮ್ಮೆ ಸವರಿದಳು. ಡಾಕ್ಟರ್ ಏನೋ ಹೇಳಲು ಬಾಯಿ ತೆರೆದರು. ಗಿರಿಯಮ್ಮ ಬೇಡವೆಂದು ಕೈ ಮಾಡಿದಳು.

“ಮಲಕ್ಕೋ ನನ್ನವ್ವಾ,” ಎಂದಳು ಗದ್ದೆಮ್ಮ. “ಸಾಕು. ಇನ್ನ ನಿದ್ದಿ ಮಾಡು.”

ಹೊರಗೆ ಬಂದಾಗ ಮಟಮಟ ಮಧ್ಯಾಹ್ನ. ಔಷಧಿ ಅಂಗಡಿಯ ಮುಂದಿನ ಸಿಮೆಂಟಿನ ಬೆಂಚಿನ ಮೇಲೆ ಗದ್ದೆಮ್ಮ ಕೂತಳು. ಕೂಸು ಗಿರಿಯಮ್ಮನ ಹೆಗಲ ಮೇಲೆ ರಂಪ ಮಾಡುತ್ತಿತ್ತು. ಮುದುಕಿ ಎರಡೂ ಕೈ ಚಾಚಿದಳು. “ತಾ ಇಲ್ಲಿ. ನಿನಗ ಹಿಡ್ಯಾಕ ಬರೂದಿಲ್ಲ.” ಗಿರಿಯಮ್ಮ ಎದುರು ಮಾತಾಡದೆ ಕೊಟ್ಟಳು. ಆ ಕೈಗೆ ಹೋದ ಕೂಸು ತಟ್ಟನೆ ಸುಮ್ಮನಾಯಿತು. ಆಮೇಲೆ ಗದ್ದೆಮ್ಮನ ಭುಜದ ಆಚೆ, ಬೆಂಚಿನ ಖಾಲಿ ತುದಿಯ ಕಡೆ ನೋಡಿ ಬೊಚ್ಚು ಬಾಯಿ ತೆರೆದು ನಕ್ಕಿತು.

ಗಿರಿಯಮ್ಮ ಅತ್ತ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ಗದ್ದೆಮ್ಮ ತಿರುಗಿ ನೋಡಲಿಲ್ಲ. ಕೂಸನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಈಚೆಗೆ ಸರಿದು ಕೂತಳು.